ಥೀಸಿಸ್ ಉಳಿಯುತ್ತದೆ, ಶಿಲೀಂಧ್ರ ಸಾಯುತ್ತದೆ: ಉನ್ನತ ಶಿಕ್ಷಣ ಸಚಿವರಿಗೂ ಕುಲಪತಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ಜೀವರಸಾಯನಶಾಸ್ತ್ರ ಕಲಿಸಿದವಳು. ಕೆಲಸದ ಬಹುಪಾಲು ವರ್ಷಗಳನ್ನು ಸೆಲ್ಯುಲೇಸ್ ಕಿಣ್ವಗಳ ಹಿಂದೆ ಕಳೆದಿದ್ದೇನೆ. ಹುಲ್ಲು, ಕಟ್ಟಿಗೆ, ಹತ್ತಿ, ಕಾಗದ ಇವುಗಳಲ್ಲೆಲ್ಲ ಇರುವ ನಾರನ್ನು, ಅಂದರೆ ಸೆಲ್ಯುಲೋಸನ್ನು, ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಇವು. ತಮ್ಮಲ್ಲಿ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ರಾಜ್ಯದಲ್ಲಿ ಪಿಎಚ್.ಡಿ. ಮಾಡುವವರು ಮಣ್ಣಿನಿಂದ, ಮರದಿಂದ, ಸಗಣಿಯಿಂದ ಬೇರ್ಪಡಿಸುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳನ್ನು ಥೀಸಿಸ್ ಜೊತೆಗೇ ಜೀವಂತವಾಗಿ ಒಪ್ಪಿಸಬೇಕು ಎಂಬ ನಿಯಮ ತನ್ನಿ. ಒಪ್ಪಿಸಿದ್ದನ್ನು ಕಾಪಾಡಲು ರಾಜ್ಯದಲ್ಲೇ ಒಂದು ಸಂಗ್ರಹ ಕಟ್ಟಿ.

ಈಗ ನಡೆಯುತ್ತಿರುವುದು ಹೀಗೆ. ಒಬ್ಬ ವಿದ್ಯಾರ್ಥಿನಿ ಅರಣ್ಯ ಇಲಾಖೆಯ ಅನುಮತಿ ಪಡೆದು ಸಿದ್ದಾಪುರದ ಕತ್ತಲೆಕಾನಿಗೆ ಹೋಗುತ್ತಾಳೆ. ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡಿನಲ್ಲಿ, ಕೊಳೆಯುತ್ತಿರುವ ಎಲೆ, ತೊಗಟೆ ತರುತ್ತಾಳೆ. ಇನ್ನೊಬ್ಬ ಚನ್ನಗಿರಿ ಕಡೆ ರಸ್ತೆ ಬದಿಯಲ್ಲಿ ಸುರಿದ ಅಡಿಕೆ ಸಿಪ್ಪೆಯ ರಾಶಿಯಿಂದ, ಮತ್ತೊಬ್ಬ ಸಾಮಿಲ್ ಹಿಂದೆ ಮಳೆಯಲ್ಲಿ ನೆಂದ ಹೊಟ್ಟಿನಿಂದ ಸ್ಯಾಂಪಲ್ ತರುತ್ತಾನೆ. ಲ್ಯಾಬಿನಲ್ಲಿ ಕರಗುವ ಸೆಲ್ಯುಲೋಸ್ ಬೆರೆಸಿದ ಪ್ಲೇಟ್ ಮೇಲೆ ಸ್ಯಾಂಪಲ್‌ನಲ್ಲಿರುವ ಜೀವಿಗಳನ್ನು ಬೆಳೆಸುತ್ತಾರೆ. ಆ ಪ್ಲೇಟ್ ಮೇಲೆ ಕಾಂಗೋ ರೆಡ್ ಬಣ್ಣ ಹೊಯ್ದು ಉಪ್ಪುನೀರಿನಲ್ಲಿ ತೊಳೆದರೆ, ಕಿಣ್ವ ಕೆಲಸ ಮಾಡಿದ ಕಡೆ ಕಾಲೊನಿಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಆ ವೃತ್ತ ಮೊದಲ ಸಲ ಕಂಡ ದಿನ ಆ ಮಕ್ಕಳ ಮುಖ ನೋಡಬೇಕು!

ಆಮೇಲೆ ಕಿಣ್ವವನ್ನು ಅಳೆಯುತ್ತಾರೆ. ಫಿಲ್ಟರ್ ಪೇಪರ್ ಕೂಡ ಸೆಲ್ಯುಲೋಸೇ. ಅದರ 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ತುಂಡನ್ನು ಕಿಣ್ವದ ಜೊತೆ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುತ್ತಾರೆ. ಹುಟ್ಟಿದ ಸಕ್ಕರೆಗೆ ಡಿಎನ್‌ಎಸ್ ಎಂಬ ರಾಸಾಯನಿಕ ಹಾಕಿ ಕುದಿಸಿದರೆ ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಜಗತ್ತಿನ ಎಲ್ಲ ಲ್ಯಾಬ್‌ಗಳೂ ಒಪ್ಪಿದ ಈ ಅಳತೆಯ ಕ್ರಮವನ್ನು 1987ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆಗೆ (ಐಯುಪಿಎಸಿ) ಬರೆದುಕೊಟ್ಟವರು ದೆಹಲಿ ಐಐಟಿಯ ಟಿ.ಕೆ. ಘೋಷ್. ಈ ಕ್ಷೇತ್ರದಲ್ಲಿ ನಾವು ಹಿಂದೆ ಬಿದ್ದವರೇನೂ ಅಲ್ಲ.

ಅಳತೆ ಮುಗಿಯುತ್ತದೆ. ಪೇಪರ್ ಪ್ರಕಟವಾಗುತ್ತದೆ. ವೈವಾ ಆಗುತ್ತದೆ. ಥೀಸಿಸ್‌ನ ಪ್ರತಿ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ ಹೋಗುತ್ತದೆ, ಯಾಕೆಂದರೆ ಯುಜಿಸಿ ನಿಯಮ ಹಾಗಿದೆ. ಕೃತಿಚೌರ್ಯ ಇಲ್ಲ ಎಂಬ ಪ್ರಮಾಣಪತ್ರವೂ ಜೊತೆಗಿರುತ್ತದೆ. ಆದರೆ ಆ ಇನ್ನೂರು ಪುಟ ಯಾವುದರ ಬಗ್ಗೆ ಇದೆಯೋ ಆ ಜೀವಿ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಅದು ಫ್ರಿಡ್ಜ್‌ನ ಕೆಳಗಿನ ತಟ್ಟೆಯಲ್ಲಿ, ಹತ್ತಿ ಬಿರಡೆ ಹಾಕಿದ ಗಾಜಿನ ಕೊಳವೆಯಲ್ಲಿ ಇರುತ್ತದೆ. ವಿದ್ಯಾರ್ಥಿನಿಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುತ್ತಾಳೆ. ಹೊಸ ಆಹಾರಕ್ಕೆ ಅದನ್ನು ದಾಟಿಸುವವರು ಇರುವುದಿಲ್ಲ. ಜೀವಿ ಬೆಳೆಯುವ ಲೋಳೆಯಂಥ ಅಗರ್ ಒಣಗಿ ಗಾಜಿಗೆ ಅಂಟುತ್ತದೆ. ಹೊಸ ವಿದ್ಯಾರ್ಥಿಗೆ ಜಾಗ ಬೇಕು, ಕೊಳವೆ ಬೇಕು. ಆಟೋಕ್ಲೇವ್‌ಗೆ ಹಾಕಿ, ಬಿಸಿ ಹಬೆಯಲ್ಲಿ ಎಲ್ಲವನ್ನೂ ಸಾಯಿಸಿ, ತೊಳೆದುಬಿಡುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಬೇಸಿಗೆ ರಜೆಯಲ್ಲಿ ಫ್ರೀಜರ್ ನಿಂತುಹೋಗಿತ್ತು. ಜೂನ್‌ನಲ್ಲಿ ಬಾಗಿಲು ತೆಗೆದಾಗ ಮೂರ್ನಾಲ್ಕು ತಲೆಮಾರಿನ ವಿದ್ಯಾರ್ಥಿಗಳು ಬೆಳೆಸಿಟ್ಟ ಜೀವಿಗಳ ಕಲ್ಚರ್‌ಗಳು ಹೋಗಿದ್ದವು. ಅದರ ಬಗ್ಗೆ ಒಂದು ವರದಿಯನ್ನೂ ಯಾರೂ ಕೇಳಲಿಲ್ಲ. ಒಂದು ಕಂಪ್ಯೂಟರ್ ಕಳುವಾಗಿದ್ದರೆ ಕೇಳುತ್ತಿದ್ದರು.

ಹೆಪ್ಪು ಮುಗಿದರೆ ಪಕ್ಕದ ಮನೆಯಲ್ಲಿ ಕೇಳಿ ತರಬಹುದು. ಈ ಹೆಪ್ಪಿಗೆ ಪಕ್ಕದ ಮನೆ ಇಲ್ಲ. ಅದೇ ಜಾಗಕ್ಕೆ ಹೋಗಿ ಅದೇ ಮಣ್ಣು ತಂದರೂ ಅದೇ ತಳಿ ಸಿಗುತ್ತದೆ ಎಂಬ ಭರವಸೆ ಇಲ್ಲ.

ಒಂದು ತಳಿಯನ್ನು ಕಾಪಾಡಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಸ್ವಲ್ಪ ಉದ್ದದ ಕಥೆ. ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ದಕ್ಷಿಣ ಪೆಸಿಫಿಕ್‌ನ ದ್ವೀಪಗಳಲ್ಲಿ ಬೀಡುಬಿಟ್ಟಿದ್ದರು. ಅಲ್ಲಿನ ಮಳೆ, ಸೆಖೆಗೆ ಅವರ ಡೇರೆ, ಬಟ್ಟೆ, ಪಟ್ಟಿಗಳೆಲ್ಲ ಕೊಳೆತು ಹರಿಯುತ್ತಿದ್ದವು. ಆಗಿನ ಡೇರೆ ಅಂದರೆ ಹತ್ತಿಯ ದಪ್ಪ ಕ್ಯಾನ್ವಾಸ್. ಹತ್ತಿ ಅಂದರೆ ಹೆಚ್ಚುಕಡಿಮೆ ಅಪ್ಪಟ ಸೆಲ್ಯುಲೋಸ್. ಅದನ್ನು ತಿನ್ನುತ್ತಿದ್ದ ಬೂಷ್ಟುಗಳನ್ನು ಸೇನೆಯ ಪ್ರಯೋಗಾಲಯ ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿತು. ಸೊಲೊಮನ್ ದ್ವೀಪಸಾಲಿನ ಬೂಗನ್‌ವಿಲ್‌ನಲ್ಲಿ ಕೊಳೆತ ಒಂದು ಕ್ಯಾನ್ವಾಸ್‌ನಿಂದ ಬಂದ ಹಸಿರು ಬೂಷ್ಟಿಗೆ ಕ್ಯೂಎಂ6ಎ ಎಂದು ಸಂಖ್ಯೆ ಕೊಟ್ಟರು. ಸೇನೆಗೆ ಬೇಕಾಗಿದ್ದದ್ದು ಬಟ್ಟೆ ಕೊಳೆಯದಂತೆ ತಡೆಯುವ ಉಪಾಯ, ಅಷ್ಟೇ.

ಅಲ್ಲಿದ್ದ ಎಲ್ವಿನ್ ರೀಸ್ ಎಂಬ ವಿಜ್ಞಾನಿ ಇನ್ನೊಂದು ಪ್ರಶ್ನೆ ಕೇಳಿದರು. ಈ ಬೂಷ್ಟು ಹತ್ತಿಯನ್ನು ತಿನ್ನುವುದು ಹೇಗೆ? 1950ರಲ್ಲಿ ಅವರು ಮತ್ತು ಜೊತೆಗಾರರು ಒಂದು ಊಹೆ ಮುಂದಿಟ್ಟರು. ಒಂದೇ ಕಿಣ್ವದಿಂದ ಈ ಕೆಲಸ ಆಗುವುದಿಲ್ಲ. ಯಾವುದೋ ಒಂದು ಮೊದಲು ಸೆಲ್ಯುಲೋಸ್‌ನ ಬಿಗಿಯನ್ನು ಸಡಿಲಿಸುತ್ತದೆ, ಆಮೇಲೆ ಬೇರೆಯವು ಕತ್ತರಿಸುತ್ತವೆ ಎಂಬುದು ಅವರ ಮಾತು. ಮುಂದೆ ಮ್ಯಾಸಚೂಸೆಟ್ಸ್‌ನ ನೇಟಿಕ್‌ನಲ್ಲಿ ಅವರೂ ಮೇರಿ ಮ್ಯಾಂಡೆಲ್ಸ್ ಎಂಬ ಜೀವವಿಜ್ಞಾನಿಯೂ ಇದೇ ಬೂಷ್ಟಿನ ಹಿಂದೆ ವರ್ಷಗಟ್ಟಲೆ ದುಡಿದರು. ಫಿಲ್ಟರ್ ಪೇಪರ್ ಇಟ್ಟು ಅಳೆಯುವ ಪದ್ಧತಿಯ ಬೇರು ಇರುವುದು ಮ್ಯಾಂಡೆಲ್ಸ್ ಅವರ ಕೆಲಸದಲ್ಲಿ. ಯುದ್ಧ ಮುಗಿದಿತ್ತು. ಡೇರೆಗಳ ಸಮಸ್ಯೆಯ ಬಿಸಿ ಆರಿತ್ತು. ಆದರೂ ಕಲ್ಚರ್ ಸಂಗ್ರಹವನ್ನು ಯಾರೂ ಎಸೆಯಲಿಲ್ಲ.

1973ರಲ್ಲಿ ತೈಲ ಬಿಕ್ಕಟ್ಟು ಬಂತು. ರದ್ದಿ ಕಾಗದ, ಬೆಳೆಯ ತ್ಯಾಜ್ಯದಿಂದ ಸಕ್ಕರೆ ಮಾಡಿ, ಆ ಸಕ್ಕರೆಯಿಂದ ಎಥೆನಾಲ್ ಮಾಡಬಹುದಲ್ಲ ಎಂಬ ಮಾತು ಎದ್ದಾಗ ಜಗತ್ತು ನೇಟಿಕ್ ಕಡೆ ತಿರುಗಿತು. 1977ರಲ್ಲಿ ಆ ಬೂಷ್ಟು ಬೇರೆಯೇ ಪ್ರಭೇದ ಅಂತ ಗುರುತಿಸಿ, ರೀಸ್ ಅವರ ಗೌರವಕ್ಕೆ ಟ್ರೈಕೋಡರ್ಮಾ ರೀಸೈ ಎಂದು ಹೆಸರಿಟ್ಟರು. 1979ರ ಹೊತ್ತಿಗೆ ರಟ್ಗರ್ಸ್ ವಿಶ್ವವಿದ್ಯಾಲಯದ ಬ್ಲ್ಯಾಂಡ್ ಮಾಂಟೆನಕೋರ್ಟ್ ಮತ್ತು ಡಗ್ಲಸ್ ಎವೆಲೀ ಅದೇ ಕ್ಯೂಎಂ6ಎ ತಳಿಗೆ ಅತಿನೇರಳೆ ಕಿರಣ ಮತ್ತು ರಾಸಾಯನಿಕ ಹಾಯಿಸಿ, ಹಲವು ಪಟ್ಟು ಜಾಸ್ತಿ ಕಿಣ್ವ ಸುರಿಸುವ ರಟ್ ಸಿ-30 ಎಂಬ ತಳಿ ಪಡೆದರು. ಇವತ್ತು ಉದ್ದಿಮೆಯಲ್ಲಿ ಬೆಳೆಸುವ ಟ್ರೈಕೋಡರ್ಮಾ ರೀಸೈ ತಳಿಗಳೆಲ್ಲ ಆ ಒಂದು ಕ್ಯಾನ್ವಾಸ್ ತುಂಡಿನ ಸಂತತಿ. ಮೂಲ ತಳಿ ಇನ್ನೂ ಜೀವಂತವಾಗಿದೆ. ಅಮೆರಿಕದ ಎಟಿಸಿಸಿ ಸಂಗ್ರಹದಲ್ಲಿ ಅದರ ಸಂಖ್ಯೆ 13631. ಆ ಕ್ಯಾನ್ವಾಸ್ ತುಂಡನ್ನು ವರದಿ ಬರೆದ ಮೇಲೆ ಯಾರಾದರೂ ಕಸಕ್ಕೆ ಹಾಕಿದ್ದರೆ?

ಕಾಪಾಡಬೇಕಾದದ್ದು ಗೆದ್ದ ತಳಿಯನ್ನು ಮಾತ್ರ ಅಲ್ಲ. ಇದನ್ನು ಅರಿಯಲು ಸೆಲ್ಯುಲೋಸ್ ಒಡೆಯುವ ಬಗೆಯನ್ನು ಸ್ವಲ್ಪ ನೋಡಬೇಕು.

ಸೆಲ್ಯುಲೋಸನ್ನು 1838ರಲ್ಲಿ ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಅಕ್ಕಿಯ ಗಂಜಿಯಲ್ಲಿರುವುದೂ ಗ್ಲೂಕೋಸ್, ಹುಲ್ಲಿನ ನಾರಿನಲ್ಲಿರುವುದೂ ಗ್ಲೂಕೋಸ್. ಒಂದು ಗ್ಲೂಕೋಸ್ ಇನ್ನೊಂದಕ್ಕೆ ಕೂಡುವ ಕೊಂಡಿಯ ದಿಕ್ಕು ಮಾತ್ರ ಬೇರೆ. ಆ ಒಂದು ವ್ಯತ್ಯಾಸದಿಂದ ಸೆಲ್ಯುಲೋಸ್‌ನ ಸರಪಳಿಗಳು ನೇರವಾಗಿ ಚಾಚಿಕೊಂಡು, ಒಂದಕ್ಕೊಂದು ಒತ್ತಿ ಕೂತು, ಹರಳಿನಂತೆ ಬಿಗಿಯುತ್ತವೆ. ನೀರಿಗೂ ಒಳಗೆ ಜಾಗ ಸಿಗುವುದಿಲ್ಲ. ಅನ್ನ ನಮಗೆ ಜೀರ್ಣವಾಗುವುದು, ಹುಲ್ಲು ಜೀರ್ಣವಾಗದಿರುವುದು ಇದರಿಂದಲೇ. ಹಸುವಿಗೂ ಸ್ವಂತವಾಗಿ ಆಗುವುದಿಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಆ ಕೆಲಸ ಮಾಡಿಕೊಡುತ್ತವೆ.

ಈ ಬಿಗಿಯನ್ನು ಬಿಡಿಸಲು ಒಂದು ಗುಂಪು ಬೇಕು. ಎಂಡೋಗ್ಲೂಕನೇಸ್ ಸರಪಳಿಯನ್ನು ನಡುನಡುವೆ ಕತ್ತರಿಸಿ ಹೊಸ ತುದಿಗಳನ್ನು ಮಾಡುತ್ತದೆ. ಸೆಲ್ಲೊಬಯೊಹೈಡ್ರೊಲೇಸ್ ತುದಿ ಹಿಡಿದು ಸರಪಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತ, ಎರಡೆರಡು ಗ್ಲೂಕೋಸ್ ಇರುವ ತುಂಡುಗಳನ್ನು ಬಿಡುತ್ತ ಸಾಗುತ್ತದೆ. 2011ರಲ್ಲಿ ಜಪಾನಿನ ಕಿಯೊಹಿಕೊ ಇಗರಾಶಿ ಮತ್ತು ಸಂಗಡಿಗರು ಈ ಕಿಣ್ವ ನಾರಿನ ಮೇಲೆ ನಡೆಯುವುದನ್ನು ಅತಿ ಸೂಕ್ಷ್ಮ ಉಪಕರಣದಲ್ಲಿ ನೇರವಾಗಿ ನೋಡಿದರು. ಮುಂದಿನದು ಸಿಕ್ಕಿಹಾಕಿಕೊಂಡರೆ ಹಿಂದಿನವು ಸಾಲುಗಟ್ಟಿ ನಿಂತುಬಿಡುತ್ತವೆ. ಆ ಚಿತ್ರಗಳನ್ನು ನೋಡಿದಾಗ ನನಗೆ ಆದ ಸಂತೋಷ ಇನ್ನೂ ಹಾಗೇ ಇದೆ. ಕೊನೆಯದಾಗಿ ಬೀಟಾ-ಗ್ಲೂಕೋಸಿಡೇಸ್ ಆ ಜೋಡಿ ತುಂಡನ್ನು ಎರಡು ಗ್ಲೂಕೋಸ್ ಮಾಡುತ್ತದೆ. ಈ ಕೊನೆಯ ಕಿಣ್ವ ಕಡಿಮೆಯಾದರೆ ಜೋಡಿ ತುಂಡುಗಳು ರಾಶಿ ಬಿದ್ದು ಹಿಂದಿನ ಕಿಣ್ವಗಳನ್ನೇ ತಡೆಯುತ್ತವೆ.

ಇಷ್ಟು ಹೆಸರಾದ ಟ್ರೈಕೋಡರ್ಮಾ ರೀಸೈಯಲ್ಲಿ ಕೊರತೆ ಇರುವುದು ಈ ಕೊನೆಯ ಕಿಣ್ವದಲ್ಲೇ. ಹಾಗಾಗಿ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನ ಕಿಣ್ವವನ್ನು ಅದಕ್ಕೆ ಬೆರೆಸುವ ರೂಢಿ ಬಂತು. ಆಸ್ಪರ್ಜಿಲಸ್‌ ಒಂದನ್ನೇ ಫಿಲ್ಟರ್ ಪೇಪರ್ ಪರೀಕ್ಷೆಗೆ ಇಟ್ಟರೆ ಅದಕ್ಕೆ ಒಳ್ಳೆಯ ಅಂಕ ಬರುವುದಿಲ್ಲ. ಈಗ ನಮ್ಮ ಥೀಸಿಸ್‌ಗಳನ್ನು ನೆನೆಯಿರಿ. ಮೂವತ್ತೋ ನಲವತ್ತೋ ತಳಿ ಬೇರ್ಪಡಿಸುತ್ತಾರೆ. ಅತಿ ಹೆಚ್ಚು ಅಂಕ ಬಂದ ಒಂದನ್ನು ಆರಿಸುತ್ತಾರೆ. ಉಳಿದವನ್ನು ಒಂದು ಕೋಷ್ಟಕದಲ್ಲಿ ಬರೆದು ಬಿಟ್ಟುಬಿಡುತ್ತಾರೆ. ಆ ಬಿಟ್ಟ ತಳಿಗಳಲ್ಲಿ ಯಾವುದೋ ಒಂದು, ಸಕ್ಕರೆ ತುಂಬಿದ ದ್ರಾವಣದಲ್ಲೂ ಸುಸ್ತಾಗದ ಬೀಟಾ-ಗ್ಲೂಕೋಸಿಡೇಸ್ ಇಟ್ಟುಕೊಂಡಿರಬಹುದು. ಅದನ್ನು ಆ ದಿನ ಯಾರೂ ಕೇಳಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ಇದಕ್ಕಿಂತ ಬಲವಾದದ್ದು. ಸೆಲ್ಯುಲೋಸ್ ತಿನ್ನುವ ಶಿಲೀಂಧ್ರಗಳಲ್ಲಿ ಜಿಎಚ್61 ಎಂಬ ಗುಂಪಿನ ಪ್ರೋಟೀನ್‌ಗಳಿದ್ದವು. ದುರ್ಬಲ ಕಿಣ್ವಗಳು ಅಂತ ಅವನ್ನು ಪಕ್ಕಕ್ಕಿಟ್ಟಿದ್ದರು. 2010ರಲ್ಲಿ ನಾರ್ವೆಯ ವಿಜ್ಞಾನಿಗಳು ಇಂಥದೇ ಒಂದು ಪ್ರೋಟೀನ್ ಕೈಟಿನ್ ಎಂಬ ಗಟ್ಟಿ ಪದಾರ್ಥವನ್ನು ಬೇರೆಯೇ ರೀತಿಯಲ್ಲಿ, ತಾಮ್ರ ಮತ್ತು ಆಮ್ಲಜನಕದ ನೆರವಿನಿಂದ ಸೀಳುತ್ತದೆ ಎಂದು ತೋರಿಸುವ ದಾರಿ ತೆರೆದರು. ಒಂದೆರಡು ವರ್ಷದಲ್ಲಿ ಜಿಎಚ್61 ಗುಂಪೂ ಸೆಲ್ಯುಲೋಸನ್ನು ಹೀಗೇ ಸೀಳುತ್ತದೆ ಅಂತ ಗೊತ್ತಾಯಿತು. ಬಿಗಿಯನ್ನು ಮೊದಲು ಸಡಿಲಿಸುವ ಏನೋ ಒಂದು ಇದೆ ಎಂದು ರೀಸ್ ಹೇಳಿ ಆಗ 60 ವರ್ಷ ಆಗಿತ್ತು. ಆ ಪ್ರೋಟೀನ್ ಟ್ರೈಕೋಡರ್ಮಾ ರೀಸೈಯಲ್ಲೂ ಮೊದಲಿನಿಂದ ಇತ್ತು. ತಳಿ ಜೀವಂತವಾಗಿ ಉಳಿದಿದ್ದಕ್ಕೆ ಹೊಸ ಪ್ರಶ್ನೆಯೊಂದಿಗೆ ಅದರ ಬಳಿಗೆ ಮತ್ತೆ ಹೋಗಲು ಆಯಿತು. ನಮ್ಮ ತಳಿಗಳ ಬಳಿಗೆ ಹಾಗೆ ಮರಳಿ ಹೋಗಲು ಆಗುವುದಿಲ್ಲ, ಅಲ್ವಾ?

ಇದು ಕಾಡಿನಲ್ಲಿರುವ ಬೂಷ್ಟಿನ ಬಗ್ಗೆ ಒಬ್ಬ ಮೇಷ್ಟ್ರಿಗೆ ಇರುವ ಮೋಹ ಅಂತ ದಯವಿಟ್ಟು ತಿಳಿಯಬೇಡಿ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದನ್ನು ತಾವೂ ಕಂಡಿದ್ದೀರಿ. ಶಿವಮೊಗ್ಗ, ದಾವಣಗೆರೆ ಕಡೆ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ಹೊಗೆಯಾಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಯಂತ್ರ ಕೊಯ್ದ ಭತ್ತದ ಕೂಳೆ ಸುಡುತ್ತಾರೆ. ಸುಡುವುದರಲ್ಲಿ ದೊಡ್ಡ ಪಾಲು ಸೆಲ್ಯುಲೋಸ್. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾದ ಇಂಡಿಯನ್ ಆಯಿಲ್ ಘಟಕ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ಮಾಡುವ ಗುರಿಯಿಂದ ಕಟ್ಟಿದ್ದು. ಇಂಥ ಘಟಕಗಳ ಖರ್ಚಿನಲ್ಲಿ ಕಿಣ್ವದ ಪಾಲು ಭಾರವಾದದ್ದು. ಒಳ್ಳೆಯ ತಳಿ ಇದ್ದವರು ಕಿಣ್ವ ಮಾರುತ್ತಾರೆ. ಇಲ್ಲದವರು ಕೊಳ್ಳುತ್ತಾರೆ.

ಎಥೆನಾಲ್ ಬಿಟ್ಟರೂ ಈ ಕಿಣ್ವಗಳು ನಮ್ಮ ಮನೆಯೊಳಗೆ ಬಂದು ಬಹಳ ಕಾಲವಾಯಿತು. ಬಟ್ಟೆಯ ಜುಂಗು ತೆಗೆಯಲು ಸೋಪಿನ ಪುಡಿಯಲ್ಲಿವೆ. ಜೀನ್ಸ್‌ಗೆ ಮಾಸಿದ ಬಣ್ಣ ಬರಿಸಲು ಕಲ್ಲು ಹಾಕಿ ತಿರುಗಿಸುತ್ತಿದ್ದ ಕಡೆ ಈಗ ಸೆಲ್ಯುಲೇಸ್ ಹಾಕುತ್ತಾರೆ. ಜೀನ್ಸ್‌ಗೆ ಹೆಸರಾದ ಬಳ್ಳಾರಿ ನಮ್ಮದೇ ಊರು. ಹಣ್ಣಿನ ರಸ, ದನದ ಮೇವು, ಕಾಗದ ಹೀಗೆ ಪಟ್ಟಿ ಬೆಳೆಯುತ್ತದೆ. ನಮ್ಮ ರೈತರಿಗೂ ಟ್ರೈಕೋಡರ್ಮಾ ಹೊಸ ಹೆಸರಲ್ಲ. ಶುಂಠಿಯ ಗೆಡ್ಡೆ ಕೊಳೆಗೆ, ಕಾಳುಮೆಣಸಿನ ಸೊರಗು ರೋಗಕ್ಕೆ ಅದರದೇ ಕುಲದ ಬೇರೆ ಪ್ರಭೇದಗಳನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಹಾಕುತ್ತಾರೆ.

ಈ ಮಾತನ್ನು ಸಭೆಗಳಲ್ಲಿ ಎತ್ತಿದಾಗಲೆಲ್ಲ ಬರುವ ಉತ್ತರಗಳು ನನಗೆ ಗೊತ್ತು. ಸೂಕ್ಷ್ಮಜೀವಿಗಳನ್ನು ಸಂಗ್ರಹಿಸಿಡಲು ಚಂಡೀಗಢದಲ್ಲಿ ಎಂಟಿಸಿಸಿ ಇದೆಯಲ್ಲ, ಪುಣೆಯಲ್ಲಿ ಎನ್‌ಸಿಐಎಂ ಇದೆಯಲ್ಲ ಎನ್ನುತ್ತಾರೆ. ಇವೆ, ಒಳ್ಳೆಯ ಕೆಲಸ ಮಾಡುತ್ತಿವೆ. 1986ರಲ್ಲಿ ಶುರುವಾದ ಎಂಟಿಸಿಸಿಗೆ 2002ರಿಂದ, ಪೇಟೆಂಟ್‌ಗಾಗಿ ಜೀವಿಗಳನ್ನು ಒಪ್ಪಿಸುವ ಅಂತರರಾಷ್ಟ್ರೀಯ ಠೇವಣಿ ಕೇಂದ್ರದ ಮಾನ್ಯತೆಯೂ ಇದೆ. ಆದರೆ ಪೇಟೆಂಟ್ ಬೇಕಾದವರು, ಹೊಸ ಪ್ರಭೇದ ಪ್ರಕಟಿಸುವವರು ಅಲ್ಲಿಗೆ ಹೋಗುತ್ತಾರೆ. ಮಾಮೂಲಿ ಪಿಎಚ್.ಡಿ. ವಿದ್ಯಾರ್ಥಿಗೆ ಹೋಗು ಅಂತ ಹೇಳುವ ನಿಯಮವೇ ಇಲ್ಲ. ವೈವಾ ಮುಗಿಸುವ ಗಡಿಬಿಡಿಯಲ್ಲಿ ಯಾರು ತಾನೇ ಕಳಿಸುತ್ತಾರೆ? ಗೆದ್ದ ಒಂದು ತಳಿಯನ್ನು ಕಳಿಸಿದರೂ ಕೋಷ್ಟಕದಲ್ಲಿ ಬಿಟ್ಟ ನಲವತ್ತನ್ನು ಕಳಿಸುವುದಿಲ್ಲ. ಅವಕ್ಕೆ ಜಾಗ ಕೊಡಬೇಕಾದವರು ನಾವು.

ಡಿಎನ್‌ಎ ಅನುಕ್ರಮವನ್ನು ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಭಂಡಾರಕ್ಕೆ ಹಾಕಿರುತ್ತಾರಲ್ಲ, ಸಾಲದೇ ಅಂತಲೂ ಕೇಳುತ್ತಾರೆ. ಸಾಲದು. ಹಾಕುವುದು ಸಾಮಾನ್ಯವಾಗಿ ಜೀವಿಯನ್ನು ಗುರುತಿಸಲು ಬೇಕಾದ ಒಂದು ಚಿಕ್ಕ ತುಂಡು. ಅದರಿಂದ ಹೆಸರು ಗೊತ್ತಾಗುತ್ತದೆ. ಒಂದೇ ಹೆಸರಿನ ಎರಡು ತಳಿ ಕಿಣ್ವದ ವಿಷಯದಲ್ಲಿ ಅಜಗಜಾಂತರ ಇರಬಹುದು. ಪೂರ್ತಿ ಜೀನೋಮ್ ಓದಿದರೂ ಎಲ್ಲ ತಿಳಿಯುವುದಿಲ್ಲ. 2008ರಲ್ಲಿ ಟ್ರೈಕೋಡರ್ಮಾ ರೀಸೈ ಜೀನೋಮ್ ಓದಿದಾಗ, ಇಷ್ಟು ಸಮರ್ಥ ಶಿಲೀಂಧ್ರದಲ್ಲಿ ಸೆಲ್ಯುಲೇಸ್ ಜೀನ್‌ಗಳು ನಿರೀಕ್ಷೆಗಿಂತ ಕಡಿಮೆ ಇದ್ದದ್ದು ಕಂಡು ಓದಿದವರೇ ಬೆರಗಾದರು. ಅದರ ಸಾಮರ್ಥ್ಯವನ್ನು ಬೆಳೆಸಿ ನೋಡಿಯೇ ತಿಳಿಯಬೇಕು. ಬೆಳೆಸಲು ಜೀವ ಇರಬೇಕು.

ಹಣದ ಮಾತಿಗೆ ಬರುತ್ತೇನೆ. ಶಿಲೀಂಧ್ರವನ್ನು ಉಳಿಸುವುದು ಅಂಥ ದುಬಾರಿ ಕೆಲಸ ಅಲ್ಲ. ಶುದ್ಧ ಮಾಡಿದ ನೀರಿನ ಚಿಕ್ಕ ಸೀಸೆಯಲ್ಲಿ ಎಷ್ಟೋ ಶಿಲೀಂಧ್ರಗಳು ವರ್ಷಗಟ್ಟಲೆ ಬದುಕುತ್ತವೆ. ಇಟಲಿಯ ವೈದ್ಯ ಕಾಸ್ಟೆಲಾನಿ ಈ ಉಪಾಯ ಹೇಳಿದ್ದು 1939ರಲ್ಲಿ. ಬೀಜಕಗಳನ್ನು ಒಣ ಸಿಲಿಕಾ ಜೆಲ್‌ನಲ್ಲಿ ಇಡಬಹುದು. ಇನ್ನೂ ಗಟ್ಟಿ ವ್ಯವಸ್ಥೆ ಬೇಕೆಂದರೆ ಹೆಪ್ಪುಗಟ್ಟಿಸಿ ಒಣಗಿಸಿ ಗಾಜಿನ ಆಂಪ್ಯೂಲ್‌ನಲ್ಲಿ ಮುಚ್ಚಬೇಕು. ಅದು ದಶಕಗಟ್ಟಲೆ ಇರುತ್ತದೆ. ಜೊತೆಗೆ ಮೈನಸ್ 80 ಡಿಗ್ರಿಯ ಫ್ರೀಜರ್, ಕರೆಂಟ್ ಹೋದಾಗ ತಾನೇ ಶುರುವಾಗುವ ಜನರೇಟರ್. ಪ್ರತಿ ತಳಿಯ ಒಂದು ಪ್ರತಿ ಬೆಂಗಳೂರಿನಲ್ಲಿದ್ದರೆ ಇನ್ನೊಂದು ಧಾರವಾಡದಲ್ಲೋ ಕಲಬುರಗಿಯಲ್ಲೋ ಇರಲಿ. ಹೊಸ ಕಟ್ಟಡ ಬೇಡ. ಇರುವ ವಿಭಾಗವೊಂದರಲ್ಲಿ ಎರಡು ಕೋಣೆ ಸಾಕು.

ದುಬಾರಿಯಾಗುವುದು ಜನ. ಅಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಒಂದು ಪ್ರಾಜೆಕ್ಟ್‌ ಅಡಿ ಮೂರು ವರ್ಷಕ್ಕೆ ತಾತ್ಕಾಲಿಕ ಹುದ್ದೆ ಕೊಟ್ಟರೆ ನಾಲ್ಕನೇ ವರ್ಷ ಮತ್ತೆ ಅದೇ ಒಣಗಿದ ಕೊಳವೆಗಳು. ಸಂಗ್ರಹವನ್ನು ನೋಡಿಕೊಳ್ಳಲು ಕಾಯಂ ಹುದ್ದೆಗಳು ಬೇಕು. ಇದರಲ್ಲಿ ಪೇಪರ್ ಬರುವುದಿಲ್ಲ, ಪ್ರಶಸ್ತಿ ಬರುವುದಿಲ್ಲ. ದಿನಾ ಮಾಡಬೇಕಾದ, ಯಾರ ಕಣ್ಣಿಗೂ ಬೀಳದ ಕೆಲಸ. ಅದನ್ನು ಶ್ರದ್ಧೆಯಿಂದ ಮಾಡುವ ಲ್ಯಾಬ್ ಸಹಾಯಕರನ್ನು, ತಂತ್ರಜ್ಞರನ್ನು ನಾನು ನೋಡಿದ್ದೇನೆ. ಅವರಿಗೆ ಸರಿಯಾದ ಹುದ್ದೆ, ಸಂಬಳ ಇರಲಿ.

ಬೆಂಗಳೂರಿನ ಜಿಕೆವಿಕೆಯಲ್ಲಿ ರಾಗಿಯ ತಳಿಗಳ ದೊಡ್ಡ ಸಂಗ್ರಹವನ್ನು ಕೃಷಿ ವಿಶ್ವವಿದ್ಯಾಲಯ ಜೋಪಾನ ಮಾಡಿಕೊಂಡು ಬಂದಿದೆ. ಬೀಜಕ್ಕೆ ಮಾಡಿದ್ದನ್ನು ಸೂಕ್ಷ್ಮಜೀವಿಗೂ ಮಾಡಲು ನಮಗೆ ಬರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಗೋಧಿ ಬೂಸಾದಂಥ ಘನ ಪದಾರ್ಥದ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯುವ ಕೆಲಸದಲ್ಲಿ ದಶಕಗಳಿಂದ ಹೆಸರು ಮಾಡಿದೆ. ರಾಜ್ಯದ ಜೀವವೈವಿಧ್ಯ ಮಂಡಳಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ರಕ್ಷಣೆಯಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ತಮಗೆ ಇದೆ.

ನಿಯಮ ಸರಳವಾಗಿರಲಿ. ಸೂಕ್ಷ್ಮಜೀವಿ ಬೇರ್ಪಡಿಸಿದ ಯಾವುದೇ ಥೀಸಿಸ್‌ಗೆ, ಕೃತಿಚೌರ್ಯ ಪ್ರಮಾಣಪತ್ರದ ಜೊತೆ, ತಳಿ ಒಪ್ಪಿಸಿದ ರಸೀದಿಯೂ ಇರಬೇಕು. ಎಲ್ಲಿಂದ ತಂದದ್ದು, ಯಾವ ತಿಂಗಳು, ಯಾವ ಮರದ ಕೆಳಗೆ ಎಂಬ ವಿವರ ಇರಬೇಕು. ಗೆದ್ದ ತಳಿಯ ಜೊತೆ ಕೋಷ್ಟಕದ ಉಳಿದ ತಳಿಗಳೂ ಬರಬೇಕು. ಬೇರ್ಪಡಿಸಿದವರ ಹೆಸರು ತಳಿಯ ಜೊತೆ ಕೊನೆಯವರೆಗೂ ಉಳಿಯಬೇಕು. ಮುಂದೆ ಯಾರಾದರೂ ಅದರಿಂದ ಲಾಭ ಮಾಡಿದರೆ ಆ ವಿದ್ಯಾರ್ಥಿಗೆ, ಆ ಊರಿಗೆ ಪಾಲು ಸಿಗುವಂತೆ ಕಾಗದಪತ್ರ ಮೊದಲೇ ಆಗಿರಲಿ. ತಳಿ ಕಳಿಸಲು ವಿದ್ಯಾರ್ಥಿಯಿಂದ ಒಂದು ರೂಪಾಯಿಯನ್ನೂ ವಸೂಲಿ ಮಾಡಬಾರದು.

ಮುಂದಿನ ಪಿಎಚ್.ಡಿ. ನೋಂದಣಿಯ ಅಧಿಸೂಚನೆ ಹೊರಡುವ ಮುಂಚೆ ಈ ಸುತ್ತೋಲೆ ಬರಲಿ. ಅದಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ. ಈ ವರ್ಷ, ಬರುವ ವರ್ಷ ನಿವೃತ್ತರಾಗುವ ಪ್ರಾಧ್ಯಾಪಕರ ಪಟ್ಟಿಯನ್ನು ಪ್ರತಿ ಕುಲಸಚಿವರಿಂದ ತರಿಸಿ. ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನ, ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲಿ ಅವರ ಫ್ರಿಡ್ಜ್‌ಗಳನ್ನು ಖಾಲಿ ಮಾಡುವ ಮೊದಲು ಯಾರಾದರೂ ಹೋಗಿ ನೋಡಲಿ. ಒಣಗಿದಂತೆ ಕಾಣುವ ಕೊಳವೆಯಲ್ಲೂ ಬೀಜಕಗಳಿಗೆ ಜೀವ ಇರುವುದುಂಟು. ಅವನ್ನು ಮತ್ತೆ ಚಿಗುರಿಸಲು, ಹೆಸರು ಬರೆದು ಪಟ್ಟಿ ಮಾಡಲು ನನ್ನಂಥ ನಿವೃತ್ತರು ಬರುತ್ತೇವೆ. ಸಂಬಳ ಬೇಡ. ಓಡಾಟದ ಖರ್ಚು ಮತ್ತು ಕಲ್ಚರ್ ದಾಟಿಸುವ ಒಂದು ಇನಾಕ್ಯುಲೇಷನ್ ಕೋಣೆಯ ಕೀಲಿ ಕೊಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಜೀವರಸಾಯನಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ